ಸೇನಾಧೀಶ್ವರ ಎಂದು ಮೊದಲು ಕರೆದವಳು

ಭಾನುವಾರದ ಆರಾಧನೆಯಲ್ಲಿ ನಾವು ಸಲೀಸಾಗಿ ಹೇಳಿ ಮುಗಿಸುವ ಹೆಸರುಗಳಲ್ಲಿ ‘ಸೇನಾಧೀಶ್ವರನಾದ ಯೆಹೋವ’ ಎನ್ನುವುದೂ ಒಂದು. ಕರ್ತನ ಭೋಜನದ ಹೊತ್ತಿಗೆ ‘ಪರಿಶುದ್ಧನು, ಪರಿಶುದ್ಧನು, ಪರಿಶುದ್ಧನು’ ಅಂತ ಸಭೆಯೆಲ್ಲ ಒಟ್ಟಾಗಿ ಹೇಳುತ್ತದಲ್ಲ, ಅದು ಪ್ರವಾದಿ ಯೆಶಾಯ ದೇವಾಲಯದಲ್ಲಿ ಕೇಳಿಸಿಕೊಂಡ ಕೂಗು. ಅಲ್ಲಿ ಇರುವುದೂ ಇದೇ ಹೆಸರು. ಸೈನ್ಯಗಳ ಒಡೆಯ. ಕೇಳಿದ ಕೂಡಲೇ ಕುದುರೆ, ರಥ, ಕಹಳೆ ಕಣ್ಣಮುಂದೆ ಬರುತ್ತವೆ. ರಾಜರು ದಂಡೆತ್ತಿ ಹೊರಡುವಾಗ ಕೂಗಲು ಹೇಳಿ ಮಾಡಿಸಿದ ಹೆಸರು ಅನ್ನಿಸುತ್ತದೆ.

ಆದರೆ ಬೈಬಲನ್ನು ಮೊದಲಿನಿಂದ ಓದುತ್ತಾ ಬನ್ನಿ. ಅಬ್ರಹಾಮನ ಕಥೆಯಲ್ಲಿ ಈ ಹೆಸರಿಲ್ಲ. ಫರೋಹನ ರಥಗಳು ಕೆಂಪು ಸಮುದ್ರದಲ್ಲಿ ಮುಳುಗಿದಾಗ ಮೋಶೆ ಹಾಡಿದ ಹಾಡಿನಲ್ಲೂ ಇಲ್ಲ. ಯೆಹೋಶುವ ಯೆರಿಕೋ ಗೋಡೆ ಸುತ್ತಿದಾಗ ಇಲ್ಲ. ಗಿದ್ಯೋನನ ಬಾಯಲ್ಲಿಲ್ಲ, ಸಂಸೋನನ ಬಾಯಲ್ಲಿಲ್ಲ. ಅಷ್ಟೊಂದು ಯುದ್ಧಗಳು ನಡೆದು ಮುಗಿದ ಮೇಲೆ, ಸಮುವೇಲನ ಮೊದಲನೆಯ ಪುಸ್ತಕದ ಮೊದಲ ಅಧ್ಯಾಯದಲ್ಲಿ ಇದು ಮೊದಲ ಸಲ ಕಾಣಿಸುತ್ತದೆ. ಈ ಹೆಸರು ಹಿಡಿದು ದೇವರನ್ನು ಮೊದಲು ಕರೆದವರು ಯಾರು ಅಂತ ನೋಡಿದರೆ, ಸೇನಾಪತಿಯೂ ಅಲ್ಲ, ಯಾಜಕನೂ ಅಲ್ಲ. ಮಕ್ಕಳಿಲ್ಲದ ಒಬ್ಬ ಹೆಂಗಸು. ಹನ್ನ.

ಅವಳ ಸಂಸಾರ ಹೀಗಿತ್ತು. ಗಂಡ ಎಲ್ಕಾನ ಒಳ್ಳೆಯವನು. ಅವನಿಗೆ ಇಬ್ಬರು ಹೆಂಡತಿಯರು. ಪೆನಿನ್ನಳಿಗೆ ಗಂಡುಮಕ್ಕಳೂ ಇದ್ದರು, ಹೆಣ್ಣುಮಕ್ಕಳೂ ಇದ್ದರು. ಪ್ರತಿ ವರ್ಷ ಎಲ್ಲರೂ ದೇವರ ಆಲಯವಿದ್ದ ಶೀಲೋವಿಗೆ ಹೋಗಿ ಬಲಿ ಅರ್ಪಿಸಿ, ಅಲ್ಲೇ ಕೂತು ಊಟ ಮಾಡುತ್ತಿದ್ದರು. ಎಲ್ಕಾನ ಪಾಲು ಹಂಚುತ್ತಾನೆ. ಪೆನಿನ್ನಳಿಗೆ, ಅವಳ ಒಬ್ಬೊಬ್ಬ ಮಗನಿಗೆ, ಒಬ್ಬೊಬ್ಬ ಮಗಳಿಗೆ. ಆಮೇಲೆ ಹನ್ನಳಿಗೆ. ಆ ಪಂಕ್ತಿಯಲ್ಲಿ ಹನ್ನಳ ತಟ್ಟೆಯ ಆಚೆ ಈಚೆ ಎಷ್ಟು ಖಾಲಿ ಅಂತ ಎಲ್ಲರಿಗೂ ಕಾಣುತ್ತದೆ. ಸವತಿ ಅಷ್ಟಕ್ಕೇ ಬಿಡುವುದಿಲ್ಲ. ಬೇಕಂತಲೇ ಚುಚ್ಚಿ ಚುಚ್ಚಿ ಅಳಿಸುತ್ತಾಳೆ. ವರ್ಷ ವರ್ಷವೂ ಇದೇ ಆಗುತ್ತಿತ್ತು ಅಂತ ಬರೆದಿದೆ. ಹಬ್ಬದ ದಿನವೇ ಹೀಗೆ ಆಗುವುದು ಎಷ್ಟು ಸಂಕಟ ಅನ್ನುವುದು ನಮ್ಮ ಮನೆಗಳಲ್ಲಿ ಬೆಳೆದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಗಂಡ ಸಮಾಧಾನ ಮಾಡುತ್ತಾನೆ. ಯಾಕೆ ಅಳುತ್ತೀ, ಯಾಕೆ ಊಟ ಮಾಡುತ್ತಿಲ್ಲ, ನಾನು ನಿನಗೆ ಹತ್ತು ಮಕ್ಕಳಿಗಿಂತ ಹೆಚ್ಚಲ್ಲವಾ ಅಂತ ಕೇಳುತ್ತಾನೆ. ಪ್ರೀತಿಯಿಂದಲೇ ಕೇಳಿದ್ದು. ಆದರೂ ಆ ಪ್ರಶ್ನೆ ಅವಳ ದುಃಖವನ್ನು ಬಿಟ್ಟು ಅವನ ಕಡೆಗೇ ತಿರುಗಿಬಿಡುತ್ತದೆ. ಹನ್ನ ಉತ್ತರ ಕೊಡುವುದಿಲ್ಲ. ಎದ್ದು ದೇವರ ಸನ್ನಿಧಿಗೆ ಹೋಗುತ್ತಾಳೆ.

ಆಗಿನ ಶೀಲೋವಿನ ಸ್ಥಿತಿಯೂ ಚೆನ್ನಾಗಿರಲಿಲ್ಲ. ಯಾಜಕ ಏಲಿಗೆ ವಯಸ್ಸಾಗಿತ್ತು. ಅವನ ಮಕ್ಕಳಾದ ಹೊಫ್ನಿ, ಫೀನೆಹಾಸರ ಆಳು ಮೂರು ಮುಳ್ಳಿನ ಕೊಂಡಿ ಹಿಡಿದು ಬಂದು, ಭಕ್ತರು ಬೇಯಿಸುತ್ತಿದ್ದ ಪಾತ್ರೆಯಿಂದಲೇ ಮಾಂಸ ಚುಚ್ಚಿ ಎತ್ತಿಕೊಂಡು ಹೋಗುತ್ತಿದ್ದ. ಕೊಡದಿದ್ದರೆ ಬಲವಂತವಾಗಿ ಕಿತ್ತುಕೊಳ್ಳುತ್ತಿದ್ದ. ದೇವರ ಹೆಸರಲ್ಲಿ ಅಧಿಕಾರ ನಡೆಸುವವರು ಇಂಥವರು. ಮನೆಯಲ್ಲಿ ಸವತಿ, ಗುಡಿಯಲ್ಲಿ ಇವರು. ಅಂಥ ಜಾಗದಲ್ಲಿ ನಿಂತು ಹನ್ನ ತುಟಿ ಮಾತ್ರ ಅಲ್ಲಾಡಿಸುತ್ತಾ ಪ್ರಾರ್ಥಿಸುತ್ತಾಳೆ. ಬಾಗಿಲ ಪಕ್ಕ ಪೀಠದ ಮೇಲೆ ಕೂತಿದ್ದ ಏಲಿ, ಇವಳು ಕುಡಿದಿದ್ದಾಳೆ ಅಂದುಕೊಂಡು ಗದರಿಸುತ್ತಾನೆ. ಅವನ ಮಕ್ಕಳ ಅನ್ಯಾಯ ಕಾಣದ ಕಣ್ಣಿಗೆ ಇವಳ ಕಣ್ಣೀರು ಕುಡುಕತನವಾಗಿ ಕಂಡಿತು.

ಅವಳು ಶಬ್ದವಿಲ್ಲದೆ ಹೇಳಿದ ಆ ಮೊದಲ ಮಾತು ‘ಸೇನಾಧೀಶ್ವರನಾದ ಯೆಹೋವನೇ’. ಬೈಬಲಿನಲ್ಲಿ ಸೈನ್ಯ ಅಂದರೆ ಬರೀ ಕತ್ತಿ ಹಿಡಿದವರ ಗುಂಪಲ್ಲ. ಆಕಾಶದ ನಕ್ಷತ್ರಗಳನ್ನೂ ಸೈನ್ಯ ಅನ್ನುತ್ತಾರೆ, ದೇವದೂತರ ಸಮೂಹವನ್ನೂ ಸೈನ್ಯ ಅನ್ನುತ್ತಾರೆ. ನಕ್ಷತ್ರಗಳನ್ನು ಲೆಕ್ಕ ಹಿಡಿದು ಹೊರಡಿಸಿ, ಒಂದೊಂದನ್ನೂ ಹೆಸರು ಹಿಡಿದು ಕರೆಯುವವನು ಆತ, ಒಂದೂ ತಪ್ಪಿಹೋಗುವುದಿಲ್ಲ ಅಂತ ಯೆಶಾಯನ 40ನೇ ಅಧ್ಯಾಯ ಹೇಳುತ್ತದೆ. ಅಷ್ಟು ದೊಡ್ಡ ಒಡೆಯನನ್ನು ಕರೆದು ಹನ್ನ ಕೇಳಿದ್ದು ಏನು? ನಿನ್ನ ದಾಸಿಯ ಕಷ್ಟವನ್ನು ನೋಡು, ನನ್ನನ್ನು ಮರೆಯಬೇಡ, ಒಬ್ಬ ಮಗನನ್ನು ಕೊಡು. ಅಷ್ಟು ನಕ್ಷತ್ರಗಳ ಲೆಕ್ಕ ಇಟ್ಟವನು ತನ್ನನ್ನೂ ಲೆಕ್ಕದಲ್ಲಿ ಇಟ್ಟಿರುತ್ತಾನೆ ಅನ್ನುವುದು ಅವಳ ನಂಬಿಕೆ. ಶಕ್ತಿ ದೊಡ್ಡದಾದಷ್ಟೂ ಸಣ್ಣವರು ಅದರ ಕಣ್ಣಿಗೆ ಬೀಳುವುದಿಲ್ಲ ಅಂತ ನಾವು ನೋಡಿ ನೋಡಿ ಕಲಿತಿದ್ದೇವೆ. ಒಂದು ಸಹಿಗಾಗಿ ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿ ಇಳಿದವರಿಗೆ ಇದು ಚೆನ್ನಾಗಿ ಗೊತ್ತು. ಹನ್ನ ಇದಕ್ಕೆ ಪೂರ್ತಿ ಉಲ್ಟಾ ಯೋಚಿಸಿದಳು. ಎಲ್ಲಕ್ಕಿಂತ ದೊಡ್ಡವನೇ ನನ್ನ ಕಡೆ ನೋಡಬಲ್ಲ ಅಂದುಕೊಂಡಳು.

ಹನ್ನಳ ಬಗ್ಗೆ ಇಷ್ಟು ಉದ್ದ ಬರೆಯಲು ನನಗೊಂದು ಕಾರಣವಿದೆ. ನನ್ನ ಅಕ್ಕನಿಗೆ ಮಕ್ಕಳಿಲ್ಲ. ಸಭೆಯಲ್ಲಿ ಅವಳಿಗೆ ಈ ಕಥೆಯನ್ನು ಹೇಳದವರಿಲ್ಲ. ‘ಹನ್ನಳ ಹಾಗೆ ಪ್ರಾರ್ಥನೆ ಮಾಡಮ್ಮಾ, ದೇವರು ಕೊಟ್ಟೇ ಕೊಡ್ತಾನೆ.’ ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ಮಾತಿನ ಒಳಗೆ ಇನ್ನೊಂದು ಮಾತಿದೆ. ಕೊಟ್ಟಿಲ್ಲ ಅಂದರೆ ನೀನು ಹನ್ನಳ ಹಾಗೆ ಪ್ರಾರ್ಥಿಸಿಲ್ಲ. ಅಕ್ಕನಿಗೆ ಅದು ಪ್ರತಿ ಸಲವೂ ಕೇಳಿಸುತ್ತದೆ.

ಒಮ್ಮೆ ಸಭೆಯವರದೇ ಒಂದು ಮನೆಯಲ್ಲಿ ಸೀಮಂತ. ಹೆಂಗಸರು ಸಾಲಾಗಿ ಬಂದು ಬಸುರಿ ಹುಡುಗಿಗೆ ಬಳೆ ತೊಡಿಸಿ ಹೂ ಮುಡಿಸುತ್ತಿದ್ದರು. ಅಕ್ಕನ ಸರದಿ ಬಂದಾಗ ಹಿರಿಯರೊಬ್ಬರು ಬಳೆಯ ತಟ್ಟೆಯನ್ನು ನಿಧಾನಕ್ಕೆ ಪಕ್ಕದವಳ ಕೈಗೆ ದಾಟಿಸಿ, ‘ನೀನು ಸ್ವಲ್ಪ ಊಟದ ಕಡೆ ನೋಡ್ಕೊಳ್ಳಮ್ಮಾ’ ಅಂದರು. ಅಕ್ಕ ಹೋಗಿ ಎಲೆ ಹಾಕಿ, ಲೋಟಗಳಿಗೆ ನೀರು ತುಂಬಿಸಿದಳು. ನಾನು ಹೊರಗೆ ಕುರ್ಚಿ ಜೋಡಿಸುತ್ತಿದ್ದವನು ಕಿಟಕಿಯಿಂದ ಅದನ್ನು ನೋಡಿದೆ. ಹಸಿರು ಗಾಜಿನ ಬಳೆ, ಸ್ಟೀಲಿನ ತಟ್ಟೆ, ಅದನ್ನು ಹಿಡಿಯಲು ಮುಂದೆ ಬಂದು ಹಾಗೇ ಹಿಂದಕ್ಕೆ ಹೋದ ಅವಳ ಎರಡು ಕೈ. ಪೆನಿನ್ನಳಿಗೆ ಮಾತಾದರೂ ಬೇಕಾಗಿತ್ತು. ನಮ್ಮಲ್ಲಿ ಅದೂ ಬೇಕಾಗಲಿಲ್ಲ.

ಕೆಲವು ತಿಂಗಳ ಮೇಲೆ ಹೆಂಗಸರ ಕೂಟದಲ್ಲಿ ವಾಕ್ಯ ಹೇಳು ಅಂತ ಪಾಸ್ಟರಮ್ಮ ಅಕ್ಕನನ್ನು ಕೇಳಿದರು. ಅವಳು ಹನ್ನಳ ಅಧ್ಯಾಯವನ್ನೇ ಆರಿಸಿಕೊಂಡಳು. 18ನೇ ವಚನದವರೆಗೆ ಓದಿ ಬೈಬಲ್ ಮುಚ್ಚಿದಳಂತೆ. ‘ಮುಂದೆ ಓದಮ್ಮಾ, ಅವಳಿಗೆ ಮಗ ಸಮುವೇಲ ಹುಟ್ಟಿದ್ದು’ ಅಂದರಂತೆ ಯಾರೋ. ‘ಅದು ಎಲ್ಲರಿಗೂ ಬಾಯಿಪಾಠ ಇದೆಯಲ್ಲಾ. ಇವತ್ತು ಇಲ್ಲೇ ನಿಲ್ಲೋಣ’ ಅಂದಳಂತೆ ಅಕ್ಕ.

18ನೇ ವಚನದಲ್ಲಿ ಇರುವುದು ಇಷ್ಟೇ. ಹನ್ನ ಹೊರಟುಹೋಗಿ ಊಟ ಮಾಡಿದಳು. ಆಮೇಲೆ ಅವಳ ಮುಖದಲ್ಲಿ ದುಃಖ ಕಾಣಲಿಲ್ಲ.

‘ಊಟ ಮಾಡಿದಾಗ ಅವಳ ಕೈಯಲ್ಲಿ ಇನ್ನೂ ಏನೂ ಇರಲಿಲ್ಲ ಕಣೋ’ ಅಂದಳು ಮನೆಗೆ ಬಂದ ಮೇಲೆ. ‘ಏಲಿ ಒಂದು ಆಶೀರ್ವಾದದ ಮಾತು ಹೇಳಿದ್ದ, ಅಷ್ಟೇ. ಪೆನಿನ್ನ ಅಲ್ಲೇ ಎದುರಿಗೆ ಕೂತಿದ್ದಳು. ಅದೇ ಪಂಕ್ತಿ, ಅದೇ ಊಟ. ಮಗು ಹುಟ್ಟಿದ ಮೇಲೆ ನಗೋದಕ್ಕೆ ನಂಬಿಕೆ ಯಾಕೆ ಬೇಕು?’

ನಾನು ಏನೂ ಹೇಳಲಿಲ್ಲ. ಅವಳು ಅಡುಗೆಮನೆಗೆ ಹೋಗಿ ಇಬ್ಬರಿಗೂ ಬಡಿಸಿಕೊಂಡು ಬಂದಳು. ಊಟ ಮಾಡಿದೆವು. ಅಕ್ಕನ ವಿಷಯದಲ್ಲಿ ಕಥೆ ಅಲ್ಲೇ ನಿಂತಿದೆ. ಸಮುವೇಲ ಬಂದಿಲ್ಲ. ಬರಲಿಲ್ಲ ಅಂತ ಅವಳು ದೇವರನ್ನು ಕರೆಯುವ ಹೆಸರು ಬದಲಾಗಿಲ್ಲ. ಇದು ಸೋತವರ ಸಮಾಧಾನ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅವಳು ಅತ್ತಿದ್ದನ್ನೂ ನೋಡಿದ್ದೇನೆ, ಎದ್ದಿದ್ದನ್ನೂ ನೋಡಿದ್ದೇನೆ.

ಅದೇ ಪುಸ್ತಕದ ನಾಲ್ಕನೇ ಅಧ್ಯಾಯಕ್ಕೆ ಬಂದರೆ ಅದೇ ಹೆಸರು ಮತ್ತೆ ಸಿಗುತ್ತದೆ. ಈ ಸಲ ಅದು ಇರುವುದು ಸೈನ್ಯದ ಪಾಳೆಯದಲ್ಲಿ. ಹನ್ನಳ ಮೌನ ಪ್ರಾರ್ಥನೆಯ ಪಕ್ಕದಲ್ಲೇ ಇದನ್ನು ಯಾಕೆ ಇಟ್ಟಿದ್ದಾರೆ ಅಂತ ನಾನು ತುಂಬಾ ಯೋಚಿಸಿದ್ದೇನೆ.

ನೆರೆನಾಡಿನ ಫಿಲಿಷ್ಟಿಯರ ಜೊತೆ ಯುದ್ಧ. ಮೊದಲ ದಿನ ಇಸ್ರಾಯೇಲ್ಯರ ಕಡೆ ಸುಮಾರು 4,000 ಜನ ಸತ್ತರು. ಹಿರಿಯರು ಕೂತು ಮಾತಾಡಿದರು. ಯೆಹೋವನು ಇವತ್ತು ನಮ್ಮನ್ನು ಯಾಕೆ ಸೋಲಿಸಿದ ಅಂತ ಕೇಳಿಕೊಂಡರು. ಒಳ್ಳೆಯ ಪ್ರಶ್ನೆ. ಆದರೆ ಉತ್ತರಕ್ಕೆ ಕಾಯಲಿಲ್ಲ. ಶೀಲೋವಿನಿಂದ ಒಡಂಬಡಿಕೆಯ ಮಂಜೂಷವನ್ನು, ಅಂದರೆ ದೇವರ ಸಾನ್ನಿಧ್ಯದ ಗುರುತಾದ ಪವಿತ್ರ ಪೆಟ್ಟಿಗೆಯನ್ನು, ತರೋಣ, ಅದು ನಮ್ಮ ನಡುವೆ ಬಂದರೆ ಗೆಲ್ಲುತ್ತೇವೆ ಅಂದರು. ಕೆರೂಬಿಗಳೆಂಬ ರೆಕ್ಕೆಯುಳ್ಳ ದೂತರ ನಡುವೆ ಆಸೀನನಾದ ಸೇನಾಧೀಶ್ವರನ ಮಂಜೂಷ ಅಂತ ಅದನ್ನು ಪೂರ್ತಿ ಹೆಸರಿನಿಂದಲೇ ಕರೆದಿದೆ. ಅದರ ಜೊತೆ ಬಂದವರು ಅದೇ ಹೊಫ್ನಿ, ಫೀನೆಹಾಸ. ಮಂಜೂಷ ಪಾಳೆಯದೊಳಗೆ ಬಂದಾಗ ಜನ ಎಷ್ಟು ಜೋರಾಗಿ ಆರ್ಭಟಿಸಿದರು ಅಂದರೆ ನೆಲ ಅದುರಿತಂತೆ. ಫಿಲಿಷ್ಟಿಯರೂ ಹೆದರಿದರು.

ಆಮೇಲೆ ಯುದ್ಧ ನಡೆಯಿತು. 30,000 ಕಾಲಾಳುಗಳು ಸತ್ತರು. ಮಂಜೂಷ ಶತ್ರುಗಳ ಪಾಲಾಯಿತು. ಏಲಿಯ ಇಬ್ಬರು ಮಕ್ಕಳೂ ಅಲ್ಲೇ ಸತ್ತರು. ಸುದ್ದಿ ಕೇಳಿದ 98 ವರ್ಷದ ಏಲಿ ಪೀಠದಿಂದ ಹಿಂದಕ್ಕೆ ಬಿದ್ದು ಕುತ್ತಿಗೆ ಮುರಿದು ಸತ್ತ.

ಹೆಸರು ಅದೇ. ದೇವರು ಅದೇ. ಒಬ್ಬಳು ಬಾಯಿ ಬಿಡದೆ ಕರೆದಳು, ಕೇಳಿಸಿತು. ಇಡೀ ಪಾಳೆಯ ನೆಲ ಅದುರುವ ಹಾಗೆ ಕೂಗಿತು, ಏನೂ ಆಗಲಿಲ್ಲ. ವ್ಯತ್ಯಾಸ ಇರುವುದು ಧ್ವನಿಯ ಏರಿಳಿತದಲ್ಲಿ ಅಲ್ಲ ಅಂತ ನನಗನ್ನಿಸುತ್ತದೆ. ಹಿರಿಯರು ಆ ಪೆಟ್ಟಿಗೆಯನ್ನು ತಾಯಿತದ ಹಾಗೆ ಹೊತ್ತು ತಂದರು. ದೇವರ ಶಕ್ತಿ ಬೇಕಾಗಿತ್ತು, ದೇವರ ಮಾತು ಬೇಕಾಗಿರಲಿಲ್ಲ. ಕೊಂಡಿ ಹಾಕಿ ಮಾಂಸ ಎತ್ತುವವರನ್ನು ಹಾಗೇ ಬಿಟ್ಟು, ಅವರ ಕೈಯಲ್ಲೇ ಸೇನಾಧೀಶ್ವರನ ಹೆಸರನ್ನು ರಣರಂಗಕ್ಕೆ ತಂದರು. ಹನ್ನ ಇನ್ನೂ ಹುಟ್ಟದ ಮಗನನ್ನೇ ದೇವರಿಗೆ ಕೊಡುತ್ತೇನೆ ಅಂತ ಹರಕೆ ಹೊತ್ತಳು. ಅವಳ ಕೈ ಬಿಚ್ಚಿತ್ತು. ಇವರದು ಮುಷ್ಟಿ ಬಿಗಿದ ಕೈ.

ಇವತ್ತಿಗೂ ಕೆಲವು ಉಜ್ಜೀವನ ಕೂಟಗಳಲ್ಲಿ ದೇವರ ಹೆಸರುಗಳನ್ನು ಒಂದಾದ ಮೇಲೊಂದು ಮೈಕಿನಲ್ಲಿ ಕೂಗಿಸುತ್ತಾರೆ. ಜೋರಾಗಿ ಹೇಳಿ, ಇನ್ನೂ ಜೋರಾಗಿ, ಈಗ ಶಕ್ತಿ ಇಳಿದು ಬರುತ್ತದೆ ಅನ್ನುತ್ತಾರೆ. ಅಲ್ಲಿ ಬರುವ ಜನರ ಕಷ್ಟ ನಿಜ, ಕಣ್ಣೀರು ನಿಜ. ನನಗೆ ಬೇಜಾರಾಗುವುದು ಅವರ ಮೇಲಲ್ಲ. ದೇವರ ಹೆಸರು ಒತ್ತಿದರೆ ಉರಿಯುವ ಸ್ವಿಚ್ಚು ಅಂತ ಕಲಿಸುವವರ ಮೇಲೆ. ನಾಲ್ಕನೇ ಅಧ್ಯಾಯವನ್ನು ಅವರು ಓದಿದ್ದರೆ ಹಾಗೆ ಕಲಿಸುವ ಧೈರ್ಯ ಬರುತ್ತಿರಲಿಲ್ಲ.

ಸೈನ್ಯ ಸೋತಿತು, ಸೇನಾಧೀಶ್ವರ ಸೋಲಲಿಲ್ಲ ಅನ್ನುವುದನ್ನು ಮುಂದಿನ ಎರಡು ಅಧ್ಯಾಯ ಹೇಳುತ್ತವೆ. ಆ ಭಾಗವನ್ನು ಹಳ್ಳಿಯವರು ಓದಿದಷ್ಟು ಚೆನ್ನಾಗಿ ಬೇರೆ ಯಾರೂ ಓದಲಾರರು. ಫಿಲಿಷ್ಟಿಯರು ಮಂಜೂಷವನ್ನು ತಮ್ಮ ಊರಾದ ಅಷ್ಡೋದಿನಲ್ಲಿ, ತಮ್ಮ ದೇವರು ದಾಗೋನನ ಗುಡಿಯಲ್ಲಿ ಇಟ್ಟರು. ಬೆಳಿಗ್ಗೆ ನೋಡಿದರೆ ದಾಗೋನನ ವಿಗ್ರಹ ಬೋರಲು ಬಿದ್ದಿತ್ತು. ಎತ್ತಿ ನಿಲ್ಲಿಸಿದರು. ಮರುದಿನ ಮತ್ತೆ ಬಿದ್ದಿತ್ತು, ತಲೆ ಕೈ ಮುರಿದಿತ್ತು. ಊರಲ್ಲಿ ರೋಗ ಹಬ್ಬಿತು. ಏಳು ತಿಂಗಳಾದ ಮೇಲೆ ಫಿಲಿಷ್ಟಿಯರಿಗೇ ಸಾಕಾಯಿತು. ವಾಪಸು ಕಳಿಸುವುದು ಅಂತ ತೀರ್ಮಾನಿಸಿದರು. ಆದರೆ ಇದೆಲ್ಲ ಆ ದೇವರಿಂದಲೇ ಆದದ್ದೋ, ಸುಮ್ನೆ ಕಾಕತಾಳೀಯವೋ ಅಂತ ಪರೀಕ್ಷೆ ಮಾಡಬೇಕಿತ್ತು. ಹೊಸ ಬಂಡಿ ಮಾಡಿಸಿದರು. ಇದುವರೆಗೆ ನೊಗ ಹೊರದ, ಹಾಲು ಕೊಡುತ್ತಿದ್ದ ಎರಡು ಹಸು ತಂದು ಕಟ್ಟಿದರು. ಅವುಗಳ ಕರುಗಳನ್ನು ಮನೆಯಲ್ಲಿ ಕೂಡಿಹಾಕಿದರು.

ಕರು ಕಟ್ಟಿಹಾಕಿದ ಹಸು ಹೇಗಿರುತ್ತದೆ ಅಂತ ಗೊತ್ತಲ್ವಾ. ಕೊಟ್ಟಿಗೆಯ ಕಡೆಗೇ ಎಳೆಯುತ್ತದೆ. ಮೇಯಲು ಬಿಟ್ಟರೂ ಹೊತ್ತಿಗೆ ಮುಂಚೆಯೇ ಓಡಿ ಬರುತ್ತದೆ. ಅದೂ ನೊಗದ ಅಭ್ಯಾಸವೇ ಇಲ್ಲದ ಹಸು, ಪಕ್ಕದಲ್ಲಿ ಇನ್ನೊಂದು ಅಂಥದ್ದೇ. ನಿಂತಲ್ಲಿ ನಿಲ್ಲುವುದೂ ಕಷ್ಟ. ಆ ಎರಡು ಹಸುಗಳು ಬಲಕ್ಕೂ ತಿರುಗದೆ ಎಡಕ್ಕೂ ತಿರುಗದೆ, ದಾರಿಯುದ್ದಕ್ಕೂ ಕೂಗುತ್ತಾ, ನೇರ ಇಸ್ರಾಯೇಲ್ಯರ ಊರಾದ ಬೇತ್‌ಷೆಮೆಷಿನ ದಾರಿ ಹಿಡಿದವು. ಅಲ್ಲಿ ಜನ ಕಣಿವೆಯಲ್ಲಿ ಗೋಧಿ ಕೊಯ್ಯುತ್ತಿದ್ದರು. ತಲೆ ಎತ್ತಿ ನೋಡಿದರೆ ಮಂಜೂಷ ಬರುತ್ತಿದೆ. ಹಿಂದೆ ಮುಂದೆ ಒಬ್ಬ ಇಸ್ರಾಯೇಲ್ ಸೈನಿಕನೂ ಇಲ್ಲ. ಸೈನ್ಯಗಳ ಒಡೆಯ ಊರಿಗೆ ಬಂದದ್ದು ಹೀಗೆ.

ಹಸುಗಳು ಕೂಗುತ್ತಿದ್ದವು ಅನ್ನುವುದನ್ನು ಬರೆದವನು ಬಿಟ್ಟಿಲ್ಲ. ಅದು ನನಗೆ ತುಂಬಾ ಮುಖ್ಯ. ದೇವರು ಒಯ್ಯುವ ದಾರಿಯಲ್ಲಿ ಹೋಗುವಾಗಲೂ ಕರುಳು ಕರುವಿನ ಕಡೆಗೇ ಎಳೆಯುತ್ತದೆ. ಅದನ್ನು ಯಾರೂ ತಪ್ಪು ಅನ್ನಲಿಲ್ಲ.

ಮುಂದೆ ದಾವೀದ ಗೊಲ್ಯಾತನ ಎದುರು ನಿಂತು ಹೇಳುವುದೂ ಇದೇ ಹೆಸರು. ಆ ಕಥೆ ಎಲ್ಲರಿಗೂ ಗೊತ್ತು, ಹಾಗಾಗಿ ಜಾಸ್ತಿ ಹೇಳುವುದಿಲ್ಲ. ಸೌಲ ತೊಡಿಸಿದ ಕವಚವನ್ನು ಬಿಚ್ಚಿಟ್ಟ ಮೇಲೆಯೇ ಅವನು ಆ ಹೆಸರನ್ನು ಹೇಳಿದ ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ನನಗೆ ಹೆಚ್ಚು ಕಷ್ಟದ ಪಾಠ ಕಲಿಸಿದ್ದು ಯೆಹೂದದ ರಾಜ ಹಿಜ್ಕೀಯ. ಕ್ರಿ.ಪೂ. 701. ಅಶ್ಶೂರದ ರಾಜ ಸನ್ಹೇರೀಬ ಯೆಹೂದ ನಾಡಿನ ಮೇಲೆ ದಂಡೆತ್ತಿ ಬಂದ. 46 ಕೋಟೆಯೂರುಗಳನ್ನು ಹಿಡಿದೆ ಅಂತ ಅವನೇ ಸುಟ್ಟ ಮಣ್ಣಿನ ಫಲಕದಲ್ಲಿ ಬರೆಸಿಕೊಂಡಿದ್ದಾನೆ. ಹಿಜ್ಕೀಯನನ್ನು ಜೆರುಸಲೇಮಿನಲ್ಲಿ ಪಂಜರದ ಹಕ್ಕಿಯ ಹಾಗೆ ಕೂಡಿಹಾಕಿದೆ ಅಂತಲೂ ಬರೆಸಿದ್ದಾನೆ. ಆರು ಮುಖದ ಆ ಫಲಕ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಹಿಜ್ಕೀಯ ಕೈಕಟ್ಟಿ ಕೂತವನಲ್ಲ. ನಗರದ ಹೊರಗಿದ್ದ ಗೀಹೋನ್ ಬುಗ್ಗೆಯ ನೀರನ್ನು ಬಂಡೆ ಕೊರೆದು ಒಳಕ್ಕೆ ತಂದ. ಸುಮಾರು 530 ಮೀಟರ್ ಉದ್ದದ ಆ ಸುರಂಗದಲ್ಲಿ ಇವತ್ತಿಗೂ ನೀರು ಹರಿಯುತ್ತದೆ, ಜನ ಮೊಣಕಾಲುದ್ದ ನೀರಲ್ಲಿ ನಡೆದು ಹೋಗುತ್ತಾರೆ. ಎರಡು ಕಡೆಯಿಂದ ಕೊರೆಯುತ್ತಾ ಬಂದವರು ನಡುವೆ ಒಬ್ಬರ ದನಿ ಒಬ್ಬರಿಗೆ ಕೇಳಿಸಿಕೊಂಡು ಸೇರಿದ ಕಥೆಯನ್ನು ಕೆತ್ತಿದ ಶಾಸನವೂ ಸಿಕ್ಕಿದೆ. ಇಷ್ಟು ಮಾಡಿದ್ದಕ್ಕೆ ದೇವರ ಮೇಲೆ ನಂಬಿಕೆ ಇಲ್ಲ ಅಂತ ಯೆಶಾಯ ಬೈದನಾ? ಕೆರೆ ಕಟ್ಟಿದಿರಿ, ಗೋಡೆ ಭದ್ರ ಮಾಡಿದಿರಿ, ಆದರೆ ಇದನ್ನೆಲ್ಲ ನಡೆಸಿದವನ ಕಡೆ ತಿರುಗಿ ನೋಡಲಿಲ್ಲ ಅಂತ ಬೈದ. ಅಗೆಯುವುದು ತಪ್ಪಲ್ಲ. ಅಗೆದವರು ತಲೆ ಎತ್ತದೇ ಇದ್ದದ್ದು ತಪ್ಪು. ಔಷಧಿ ಬಿಟ್ಟು ಬರೀ ಪ್ರಾರ್ಥನೆ ಮಾಡಿ ಅನ್ನುವವರಿಗೆ ನಾನು ಈ ಸುರಂಗವನ್ನೇ ತೋರಿಸುತ್ತೇನೆ.

ಹಿಜ್ಕೀಯ ಕಪ್ಪವನ್ನೂ ಕೊಟ್ಟಿದ್ದ. 300 ತಲಾಂತು ಬೆಳ್ಳಿ, 30 ತಲಾಂತು ಬಂಗಾರ (ತಲಾಂತು ಅಂದರೆ ಆಗಿನ ಒಂದು ದೊಡ್ಡ ತೂಕ). ದೇವಾಲಯದ ಬಾಗಿಲಿನ ಚಿನ್ನದ ತಗಡನ್ನೂ ಕಿತ್ತು ಕೊಟ್ಟ. ಸನ್ಹೇರೀಬ ತೆಗೆದುಕೊಂಡ, ಮತ್ತೂ ಬಿಡಲಿಲ್ಲ. ಅವನ ಅಧಿಕಾರಿ ಗೋಡೆಯ ಹೊರಗೆ ನಿಂತು ಜನರ ಭಾಷೆಯಲ್ಲೇ ಕೂಗಿ ಹೇಳಿದ: ನಿಮಗೆ 2,000 ಕುದುರೆ ಕೊಡುತ್ತೇನೆ, ಹತ್ತುವುದಕ್ಕೆ ನಿಮ್ಮಲ್ಲಿ ಜನ ಇದ್ದಾರಾ? ಆಮೇಲೆ ಬೆದರಿಕೆಯ ಪತ್ರ ಬಂತು. ಹಿಜ್ಕೀಯ ಅದನ್ನು ಓದಿದ. ದೇವಾಲಯಕ್ಕೆ ಹೋಗಿ, ಆ ಪತ್ರವನ್ನು ದೇವರ ಮುಂದೆ ಹರಡಿದ. ‘ಸೇನಾಧೀಶ್ವರನಾದ ಯೆಹೋವನೇ’ ಅಂತ ಶುರು ಮಾಡಿದ. ಅವನ ಪ್ರಾರ್ಥನೆಯಲ್ಲಿ ನನಗೆ ಬಹಳ ಇಷ್ಟವಾದ ಮಾತೊಂದಿದೆ. ಅಶ್ಶೂರದ ರಾಜರು ಎಲ್ಲ ದೇಶಗಳನ್ನೂ ಹಾಳು ಮಾಡಿದ್ದು ನಿಜ, ಕರ್ತನೇ. ನಿಜ ಅಂದ. ಪತ್ರದಲ್ಲಿದ್ದ ಒಂದು ಸಾಲನ್ನೂ ಮುಚ್ಚಿಡಲಿಲ್ಲ, ಚಿಕ್ಕದು ಮಾಡಲಿಲ್ಲ. ಡಾಕ್ಟರ ರಿಪೋರ್ಟನ್ನು ಮಡಚಿ ಬೀರುವಿನಲ್ಲಿಟ್ಟು ‘ನನಗೇನೂ ಆಗಿಲ್ಲ’ ಅನ್ನುವುದು ನಂಬಿಕೆ ಅಂತ ತಿಳಿದವರಿದ್ದಾರೆ. ಹಿಜ್ಕೀಯ ಅದನ್ನು ಬಿಚ್ಚಿ ಹರಡಿದ.

ಜೆರುಸಲೇಮ್ ಉಳಿಯಿತು. ಒಂದೇ ರಾತ್ರಿಯಲ್ಲಿ ಅಶ್ಶೂರರ ಪಾಳೆಯದಲ್ಲಿ 1,85,000 ಜನ ಸತ್ತರು, ಸನ್ಹೇರೀಬ ತನ್ನ ರಾಜಧಾನಿ ನಿನೆವೆಗೆ ಹಿಂದಿರುಗಿದ ಅಂತ ಯೆಶಾಯನ ಪುಸ್ತಕ ಹೇಳುತ್ತದೆ. ಜೆರುಸಲೇಮನ್ನು ಹಿಡಿದೆ ಅಂತ ಸನ್ಹೇರೀಬನ ಫಲಕವೂ ಎಲ್ಲೂ ಹೇಳುವುದಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಒಳ್ಳೆಯ ಪ್ರಸಂಗ ಆಗುತ್ತದೆ. ಆದರೆ ಅದೇ ಮ್ಯೂಸಿಯಮ್ಮಿನಲ್ಲಿ ಇನ್ನೊಂದು ಕೋಣೆಯಿದೆ. ಸನ್ಹೇರೀಬ ತನ್ನ ಅರಮನೆಯ ಗೋಡೆಗೆ ಕೆತ್ತಿಸಿದ್ದ ಲಾಕೀಷಿನ ಚಿತ್ರಗಳು ಅಲ್ಲಿವೆ. ಲಾಕೀಷ್ ಯೆಹೂದದ್ದೇ ಊರು, ಜೆರುಸಲೇಮಿನಿಂದ ಬಹಳ ದೂರವೇನಲ್ಲ. ಅದು ಬಿತ್ತು. ಆ ಕಲ್ಲಿನಲ್ಲಿ ಎತ್ತಿನ ಗಾಡಿಯೊಂದಿದೆ. ಗಾಡಿಯ ಮೇಲೆ ಗಂಟುಮೂಟೆ, ಅದರ ಮೇಲೆ ಹೆಂಗಸರು ಮಕ್ಕಳು. ಸೆರೆ ಹೋಗುತ್ತಿದ್ದಾರೆ. ಇನ್ನೊಂದು ಕಡೆ ಶೂಲಕ್ಕೆ ಏರಿಸಿದ ಗಂಡಸರು. ಆ ಊರಿನಲ್ಲಿ ಪ್ರಾರ್ಥಿಸಿದವರು ಇರಲಿಲ್ಲವಾ? ಅಲ್ಲಿಯೂ ಒಬ್ಬ ತಾಯಿ ಇದೇ ಹೆಸರನ್ನು ಕರೆದಿರುತ್ತಾಳೆ. ಅವಳ ಗಾಡಿ ನಿನೆವೆಯ ದಾರಿ ಹಿಡಿಯಿತು.

ಜೆರುಸಲೇಮಿನ ಬಿಡುಗಡೆಯನ್ನು ಮಾತ್ರ ಹೇಳಿ ಲಾಕೀಷನ್ನು ಬಿಟ್ಟುಬಿಡುವ ಸಾಕ್ಷಿಗಳು ನನಗೆ ಸಾಲುವುದಿಲ್ಲ. ದೇವರ ಶಕ್ತಿಯನ್ನು ನಂಬುವುದು ಅಂದರೆ ನಾನು ಜೆರುಸಲೇಮಿನ ಒಳಗೇ ಇರುತ್ತೇನೆ ಅನ್ನುವ ಗ್ಯಾರಂಟಿ ಅಲ್ಲ. ಲಾಕೀಷಿನವರಿಗೆ ಉತ್ತರ ಹೇಳುವಷ್ಟು ದೊಡ್ಡವನು ನಾನಲ್ಲ. ಆದರೆ ಅವರಿಗೆ ಒಂದು ಪ್ರಾರ್ಥನೆ ಇತ್ತು ಅನ್ನುವುದು ನನಗೆ ಸ್ವಲ್ಪ ಉಸಿರು ಕೊಡುತ್ತದೆ. 80ನೇ ಕೀರ್ತನೆಯಲ್ಲಿ ಇದೇ ಸೈನ್ಯಗಳ ದೇವರನ್ನು ನಾಲ್ಕು ಸಲ ಕರೆಯುತ್ತಾರೆ. ಹೊಗಳುವುದಕ್ಕಲ್ಲ, ದೂರು ಹೇಳುವುದಕ್ಕೆ. ನಿನ್ನ ಜನರ ಪ್ರಾರ್ಥನೆಯ ಮೇಲೆ ಇನ್ನೂ ಎಷ್ಟು ಕಾಲ ಕೋಪ? ಕಣ್ಣೀರನ್ನೇ ಅನ್ನ ಮಾಡಿ ಉಣಿಸಿದೆಯಲ್ಲಾ ಅನ್ನುತ್ತಾರೆ. ಶಕ್ತಿ ಇಲ್ಲದವನ ಹತ್ತಿರ ಯಾರೂ ಹೀಗೆ ಜಗಳ ಆಡುವುದಿಲ್ಲ. ನೀನು ಮಾಡಬಲ್ಲೆ, ಯಾಕೆ ಮಾಡುತ್ತಿಲ್ಲ ಅಂತ ಕೇಳುವುದಕ್ಕೂ ನಂಬಿಕೆ ಬೇಕು. ಆ ದೂರನ್ನು ದೇವರ ಜನ ಹರಿದು ಬಿಸಾಡಲಿಲ್ಲ. ಹಾಡು ಮಾಡಿ ಆರಾಧನೆಯಲ್ಲಿ ಹಾಡಿದರು.

ಬೈಬಲಿನಲ್ಲಿ 250ಕ್ಕೂ ಹೆಚ್ಚು ಸಲ ಬರುವ ಈ ಹೆಸರು ತುಂಬಾ ಒತ್ತಾಗಿ ಸಿಗುವುದು ಎಲ್ಲಿ ಗೊತ್ತಾ? ದಾವೀದನ, ಸೊಲೊಮೋನನ ವೈಭವದ ಕಾಲದಲ್ಲಿ ಅಲ್ಲ. ಬಾಬೆಲಿನ ಸೆರೆಯಿಂದ ವಾಪಸಾದವರ ಕಾಲದಲ್ಲಿ. ಹಗ್ಗಾಯನ ಪುಸ್ತಕ ಎರಡೇ ಅಧ್ಯಾಯ, 38 ವಚನ. ಅಷ್ಟರಲ್ಲಿ 14 ಸಲ ಇದೆ. ಜೆಕರ್ಯ, ಮಲಾಕಿಯರಲ್ಲೂ ಪುಟ ತಿರುಗಿಸಿದ ಕಡೆಯೆಲ್ಲ ಸಿಗುತ್ತದೆ. ಹಗ್ಗಾಯ, ಜೆಕರ್ಯರು ಮಾತಾಡಿದ್ದು ಕ್ರಿ.ಪೂ. 520ರ ಹೊತ್ತಿಗೆ. ರಾಜನಿಲ್ಲ, ಸೈನ್ಯವಿಲ್ಲ, ಪರ್ಷಿಯಾದ ದೊರೆಯ ಕೈಕೆಳಗೆ ಒಂದು ಬಡ ಪ್ರಾಂತ್ಯ. ಮಳೆ ಸರಿಯಾಗಿಲ್ಲ. ಕೂಲಿ ಮಾಡಿದವನು ತೂತಿರುವ ಚೀಲಕ್ಕೆ ದುಡ್ಡು ಹಾಕಿದ ಹಾಗೆ ಆಗಿದೆ ಅಂತ ಹಗ್ಗಾಯನೇ ಹೇಳುತ್ತಾನೆ. ಅಂಥವರಿಗೆ ಪ್ರವಾದಿಗಳು ಸಾಲು ಸಾಲಿಗೂ ಸೇನಾಧೀಶ್ವರ, ಸೇನಾಧೀಶ್ವರ ಅಂತ ಹೇಳಿದರು. ಅದರ ಜೊತೆಗೆ, ಬೆಟ್ಟಕ್ಕೆ ಹೋಗಿ ಮರ ತನ್ನಿ, ಆಲಯ ಕಟ್ಟಿ ಅಂದರು. ಬಲದಿಂದಲ್ಲ, ಪರಾಕ್ರಮದಿಂದಲ್ಲ, ನನ್ನ ಆತ್ಮದಿಂದಲೇ ಅನ್ನುವ ಜೆಕರ್ಯನ ಪ್ರಸಿದ್ಧ ಮಾತಿನ ಕೊನೆಗೆ ಇರುವುದೂ ಇದೇ ಸಹಿ. ಸೈನ್ಯಗಳ ಒಡೆಯನೇ ಸೈನ್ಯದಿಂದಲ್ಲ ಅನ್ನುತ್ತಾನೆ.

ಗೆತ್ಸೇಮನೆ ತೋಟದಲ್ಲಿ ಯೇಸು ಹೇಳಿದ್ದನ್ನು ನಾನು ಇದರ ಜೊತೆಗೇ ಓದುತ್ತೇನೆ. ದೀಪ, ಪಂಜು, ಆಯುಧ ಹಿಡಿದು ಬಂದಿದ್ದಾರೆ. ಪೇತ್ರ ಕತ್ತಿ ಬೀಸಿ ಮಹಾಯಾಜಕನ ಆಳಿನ ಕಿವಿ ಕತ್ತರಿಸುತ್ತಾನೆ. ನಾನು ಕೇಳಿದರೆ ತಂದೆ ಈಗಲೇ 12 ದಳಕ್ಕಿಂತ ಹೆಚ್ಚು ದೂತರನ್ನು ಕಳಿಸುತ್ತಾನೆ ಅಂತ ಗೊತ್ತಿಲ್ಲವಾ ಅನ್ನುತ್ತಾನೆ ಯೇಸು. ರೋಮಿನ ಒಂದು ದಳ ಅಂದರೆ ಸುಮಾರು 5–6 ಸಾವಿರ ಜನ. ಕೇಳಲಿಲ್ಲ. ಆಳಿನ ಕಿವಿ ಮುಟ್ಟಿ ವಾಸಿ ಮಾಡಿದ, ಕೈ ಕಟ್ಟಿಸಿಕೊಂಡ. ಕ್ರೈಸ್ತರಾದ ನಾವು ದೇವರ ಶಕ್ತಿ ಅಂದಾಗ ಈ ತೋಟವನ್ನು ಬಿಟ್ಟು ಮಾತಾಡಲು ಸಾಧ್ಯವೇ ಇಲ್ಲ.

ಹೊಸ ಒಡಂಬಡಿಕೆಯಲ್ಲಿ ಈ ಹೆಸರು ಹೆಚ್ಚು ಸಿಗುವುದಿಲ್ಲ. ಪೌಲ ಒಂದು ಸಲ ಯೆಶಾಯನ ಮಾತನ್ನು ಎತ್ತಿ ಹೇಳುವಾಗ ಬರುತ್ತದೆ. ಇನ್ನೊಂದು ಸಲ ಬರುವುದು ಯಾಕೋಬನ ಪತ್ರಿಕೆಯ ಐದನೇ ಅಧ್ಯಾಯದಲ್ಲಿ. ಅಲ್ಲಿ ಯುದ್ಧವಿಲ್ಲ, ಆಲಯವಿಲ್ಲ. ಹೊಲವಿದೆ. ಕೊಯ್ಲು ಮುಗಿದಿದೆ. ಕೊಯ್ದವರಿಗೆ ಧಣಿ ಕೂಲಿ ಕೊಟ್ಟಿಲ್ಲ. ಹಿಡಿದಿಟ್ಟ ಆ ಕೂಲಿಯೇ ಕೂಗುತ್ತಿದೆ ಅನ್ನುತ್ತಾನೆ ಯಾಕೋಬ. ಕೊಯ್ದವರ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಬಿದ್ದಿದೆ.

ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮುಂಚೆ ಕೊಡಬೇಕು ಅಂತ ಮೋಶೆಯ ಧರ್ಮಶಾಸ್ತ್ರದಲ್ಲೇ ಇದೆ. ಅವನು ಬಡವ, ಅದರ ಮೇಲೇ ಮನಸ್ಸಿಟ್ಟುಕೊಂಡಿದ್ದಾನೆ ಅಂತ ಕಾರಣವನ್ನೂ ಕೊಟ್ಟಿದೆ. ನಮ್ಮ ತಂದೆ ಕಟ್ಟಡದ ಕೆಲಸ ಮಾಡುತ್ತಿದ್ದರು. ಒಬ್ಬ ಗುತ್ತಿಗೆದಾರ ತಿಂಗಳುಗಟ್ಟಲೆ ಬಟವಾಡೆ ತಡೆಹಿಡಿದಿದ್ದ. ಶನಿವಾರ ಸಂಜೆ ತಂದೆ ಬರಿಗೈಲಿ ಬಂದರೆ, ಅಮ್ಮ ಮಾತಾಡದೆ ಅಕ್ಕಿ ಡಬ್ಬದ ತಳ ಕೆರೆಯುತ್ತಿದ್ದರು. ಆ ಗುತ್ತಿಗೆದಾರನೂ ಚರ್ಚಿಗೆ ಹೋಗುವವನೇ. ‘ಪರಿಶುದ್ಧನು, ಪರಿಶುದ್ಧನು’ ಅಂತ ಅವನೂ ಹೇಳುತ್ತಿದ್ದ.

ಆಗ ಹಿರಿಯರು ತಂದೆಗೆ ಹೇಳಿದ್ದು, ತಾಳ್ಮೆಯಿಂದಿರಿ, ದೇವರು ನೋಡಿಕೊಳ್ಳುತ್ತಾನೆ ಅಂತ. ತಾಳ್ಮೆಯ ಮಾತು ಯಾಕೋಬನ ಪತ್ರಿಕೆಯಲ್ಲೂ ಇದೆ, ಅದೇ ಅಧ್ಯಾಯದಲ್ಲಿ. ಮುಂಗಾರು ಹಿಂಗಾರು ಮಳೆಗಾಗಿ ರೈತ ಕಾಯುವ ಹಾಗೆ ಕಾಯಿರಿ ಅನ್ನುತ್ತಾನೆ. ಆದರೆ ಅದು ಬರುವುದು ಏಳನೇ ವಚನದಲ್ಲಿ. ಅದಕ್ಕೆ ಮುಂಚೆ ಆರು ವಚನಗಳ ತುಂಬ ಧಣಿಗಳ ಮೇಲೆ ಬೆಂಕಿ ಸುರಿದಿದ್ದಾನೆ. ನಿಮ್ಮ ಬಟ್ಟೆಗೆ ನುಸಿ ಹಿಡಿದಿದೆ, ನಿಮ್ಮ ಬೆಳ್ಳಿ ಬಂಗಾರಕ್ಕೆ ಕಿಲುಬು ಹಿಡಿದಿದೆ, ಆ ಕಿಲುಬೇ ನಿಮ್ಮ ಮೇಲೆ ಸಾಕ್ಷಿ ಹೇಳುತ್ತದೆ, ಅಳಿರಿ, ಗೋಳಾಡಿರಿ ಅನ್ನುತ್ತಾನೆ. ಸೇನಾಧೀಶ್ವರ ಅನ್ನುವ ಹೆಸರನ್ನು ಅವನು ಬಳಸಿದ್ದು ಅವರ ಮುಂದೆ. ನಮ್ಮ ಹಿರಿಯರು ಏಳನೇ ವಚನವನ್ನು ತಂದೆಗೆ ಓದಿ ಹೇಳಿದರು. ಮೊದಲಿನ ಆರನ್ನು ಆ ಗುತ್ತಿಗೆದಾರನ ಮನೆಗೆ ಹೋಗಿ ಯಾರೂ ಓದಲಿಲ್ಲ.